ನೆರಳಿನ ತೋಟಕ್ಕೆ ಹೋಸ್ಟಾ: ನೆಡುವುದು, ಸಾಕುವುದು ಹೇಗೆ?

ಹೂವಿಗಿಂತ ಎಲೆಯ ಚೆಲುವಿಗಾಗಿಯೇ ಬೆಳೆಸುವ ಹೋಸ್ಟಾ ಜಪಾನ್, ಕೊರಿಯಾ ಮತ್ತು ಚೀನಾ ಮೂಲದ ಬಹುವಾರ್ಷಿಕ ಸಸ್ಯ. ಚಳಿಗಾಲದಲ್ಲಿ ಎಲೆಗಳೆಲ್ಲ ಕೊಳೆತು ನೆಲ ಬರಿದಾಗುತ್ತದೆ. ವಸಂತದಲ್ಲಿ ಸುರುಳಿ ಸುತ್ತಿದ ಮೊಳಕೆಗಳು ಮತ್ತೆ ಮೇಲೇಳುತ್ತವೆ. ಈ ವಿಶ್ರಾಂತಿಗೆ ಚಳಿ ಬೇಕೇ ಬೇಕು. ಚಳಿಗಾಲದ ಹಲವು ವಾರಗಳಲ್ಲಿ ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಪ್ರದೇಶದಲ್ಲಿ ಗಿಡ ವರ್ಷದಿಂದ ವರ್ಷಕ್ಕೆ ಸೊರಗುವುದರಿಂದ, ಅಂಥ ಕಡೆ ಇದನ್ನು ನೆಡದಿರುವುದೇ ಒಳ್ಳೆಯದು.

ಮೊದಲು ಜಾಗವನ್ನು ಆರಿಸಿಕೊಳ್ಳಿ. ಹೋಸ್ಟಾ ನೆರಳನ್ನು ಸಹಿಸುತ್ತದೆ ನಿಜ, ಆದರೆ ಕತ್ತಲನ್ನಲ್ಲ. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದು, ಮಧ್ಯಾಹ್ನದ ಹೊತ್ತಿಗೆ ನೆರಳು ಕವಿಯುವ ಜಾಗ ಬಹುತೇಕ ತಳಿಗಳಿಗೆ ಒಪ್ಪುತ್ತದೆ. ಅಲ್ಲಿಂದ ಮುಂದೆ ಎಲೆಯ ಬಣ್ಣವೇ ದಾರಿ ತೋರಿಸುತ್ತದೆ. ನೀಲಿ ಛಾಯೆಯ ತಳಿಗಳ ಬಣ್ಣ ಎಲೆಯ ಮೇಲಿರುವ ಮೇಣದ ತೆಳು ಲೇಪದಿಂದ ಬರುವಂಥದ್ದು. ಬಿಸಿಲಿಗೆ ಆ ಲೇಪ ಕರಗಿದರೆ ಎಲೆ ಬರೀ ಹಸಿರಾಗಿ ಕಾಣುತ್ತದೆ, ಆದ್ದರಿಂದ ‘ಹಾಲ್ಸಿಯಾನ್’ನಂಥವನ್ನು ಹೆಚ್ಚು ನೆರಳಿರುವಲ್ಲಿ ನೆಡಬೇಕು. ‘ಸಮ್ ಅಂಡ್ ಸಬ್‌ಸ್ಟನ್ಸ್’ನಂಥ ಹಳದಿ ಎಲೆಯ ತಳಿಗಳಿಗೆ ಬಣ್ಣ ಏರಲು ತುಸು ಹೆಚ್ಚು ಬೆಳಕು ಬೇಕು. ಎಲೆಯಲ್ಲಿ ಬಿಳಿಯ ಭಾಗ ಹೆಚ್ಚಿರುವ ತಳಿಗಳು ನಡುಮಧ್ಯಾಹ್ನದ ಬಿಸಿಲಿಗೆ ಸುಟ್ಟುಹೋಗುತ್ತವೆ. ಸುವಾಸನೆಯ ಬಿಳಿ ಹೂ ಬಿಡುವ ಪ್ಲಾಂಟಜೀನಿಯಾ ಪ್ರಭೇದ ಮಾತ್ರ ಉಳಿದವುಗಳಿಗಿಂತ ಚೆನ್ನಾಗಿ ಬಿಸಿಲು ತಾಳುತ್ತದೆ.

ವಸಂತದ ಆರಂಭ ಅಥವಾ ಬೇಸಿಗೆಯ ಕೊನೆ ನೆಡಲು ಸೂಕ್ತ ಕಾಲ. ಬೇರುಗಳು ಆಳಕ್ಕಿಂತ ಅಗಲಕ್ಕೆ ಹರಡುವುದರಿಂದ ಸುಮಾರು 30 ಸೆಂಟಿಮೀಟರ್ ಆಳದ, ಅದಕ್ಕಿಂತ ಅಗಲವಾದ ಗುಂಡಿ ತೋಡಿ, ಮಣ್ಣಿಗೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ. ಮೊಳಕೆ ಹೊರಡುವ ಬುಡ ಮಣ್ಣಿನ ಮಟ್ಟದಲ್ಲೇ ಇರಲಿ; ಆಳದಲ್ಲಿ ಹೂತರೆ ಕೊಳೆಯುತ್ತದೆ. ಮರದಡಿ ನೆಡುವವರು ಇನ್ನೂ ಒಂದು ವಿಷಯ ಗಮನಿಸಬೇಕು: ಮೇಪಲ್‌ನಂಥ ಮೇಲ್ಬೇರಿನ ಮರಗಳು ಕೊಟ್ಟ ನೀರನ್ನೆಲ್ಲ ತಾವೇ ಹೀರಿಕೊಳ್ಳುತ್ತವೆ. ಅಲ್ಲಿ ಹೋಸ್ಟಾ ಬೆಳೆಯದಿದ್ದರೆ ತಪ್ಪು ನೆರಳಿನದ್ದಲ್ಲ, ಬಾಯಾರಿಕೆಯದ್ದು.

ವಾರಕ್ಕೆ ಸುಮಾರು 2.5 ಸೆಂಟಿಮೀಟರ್ ಮಳೆಯಷ್ಟು ನೀರು ಬೇಕು. ಅದನ್ನು ಬೆಳಗ್ಗೆ, ಎಲೆಯ ಮೇಲೆ ಸುರಿಯದೆ, ಬುಡಕ್ಕೆ ಹಾಯಿಸಿ. ತರಗೆಲೆಯ ಹೊದಿಕೆ ತೇವ ಹಿಡಿದಿಡುತ್ತದೆ, ಆದರೆ ಅದು ಬುಡಕ್ಕೆ ಒತ್ತಿಕೊಂಡಿರಬಾರದು.

ಎಲೆಗಳಲ್ಲಿ ತೂತು ಕಂಡರೆ ಅದು ಬಹುಪಾಲು ಚಿಪ್ಪಿಲ್ಲದ ಬಸವನಹುಳುಗಳ ಕೆಲಸ. ರಾತ್ರಿ ಟಾರ್ಚ್ ಹಿಡಿದು ಎಲೆಯ ಅಡಿಭಾಗ ನೋಡಿ, ಸಿಕ್ಕವನ್ನು ಹೆಕ್ಕಿ ತೆಗೆಯುವುದು ಹಳೆಯದಾದರೂ ನಂಬಬಹುದಾದ ಉಪಾಯ. ಹಾವಳಿ ಹೆಚ್ಚಿದರೆ ಐರನ್ ಫಾಸ್ಫೇಟ್ ಹರಳುಗಳನ್ನು ವಸಂತದ ಆರಂಭದಲ್ಲೇ ಉದುರಿಸಬಹುದು. ದಪ್ಪ ಎಲೆಯ ತಳಿಗಳಿಗೆ ಇವುಗಳ ಕಾಟ ಕಡಿಮೆ. ನಾಯಿ, ಬೆಕ್ಕುಗಳು ಈ ಗಿಡವನ್ನು ತಿಂದರೆ ವಾಂತಿ, ಭೇದಿ ಆಗುವುದರಿಂದ ಅವು ಓಡಾಡುವ ಮನೆಯವರು ಎಚ್ಚರ ವಹಿಸಬೇಕು.

ಗಿಡ ಪೂರ್ಣ ಗಾತ್ರಕ್ಕೆ ಬರಲು ನಾಲ್ಕೈದು ವರ್ಷಗಳಾದರೂ ಬೇಕಾಗುವುದರಿಂದ ಬುಡ ಒಡೆದು ಹೊಸ ಗಿಡಗಳನ್ನು ಮಾಡಿಕೊಳ್ಳುವ ಅವಸರ ಬೇಡ. ಒಡೆಯುವಾಗ ಪ್ರತಿ ಹೋಳಿನಲ್ಲೂ ಮೊಳಕೆ ಮತ್ತು ಬೇರು ಎರಡೂ ಇರಲಿ. 1996ರಲ್ಲಿ ಗುರುತಿಸಲಾದ ಹೋಸ್ಟಾ ವೈರಸ್ ಎಕ್ಸ್ ಗಿಡದ ರಸದ ಮೂಲಕ ಹರಡುವುದರಿಂದ, ಒಂದು ಗಿಡ ಮುಗಿಸಿ ಇನ್ನೊಂದನ್ನು ಮುಟ್ಟುವ ಮೊದಲು ಚಾಕುವನ್ನು ತೊಳೆದು ಸೋಂಕುನಿವಾರಕದಲ್ಲಿ ಅದ್ದಲೇಬೇಕು. ಎಲೆಯ ನರಗಳ ಉದ್ದಕ್ಕೂ ಶಾಯಿ ಹರಡಿದಂಥ ಗೆರೆಗಳು ಇದರ ಲಕ್ಷಣ. ಇದಕ್ಕೆ ಮದ್ದಿಲ್ಲ. ಅಂಥ ಗಿಡವನ್ನು ಬೇರುಸಹಿತ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟ್ ಗುಂಡಿಗೆ ಸೇರಿಸಬೇಡಿ. ಮಣ್ಣಿನಲ್ಲಿ ಉಳಿದ ಬೇರುಗಳೆಲ್ಲ ಕೊಳೆತು ಮುಗಿಯುವವರೆಗೆ ಆ ಜಾಗದಲ್ಲಿ ಇನ್ನೊಂದು ಹೋಸ್ಟಾ ನೆಡಬೇಡಿ.