ಸಂಘದ ಕಚೇರಿಗೆ ಹೊಸ ಸಾಫ್ಟ್‌ವೇರ್: ಯಾವ ಕ್ರಮದಲ್ಲಿ ತರಬೇಕು?

ಶಿರಸಿ ಕಡೆಯ ಅಡಿಕೆ ಸಂಘವೊಂದು ಸಿದ್ಧ ಸಾಫ್ಟ್‌ವೇರ್ ಕೊಂಡಾಗ ನಾನೂ ಆ ಕೆಲಸದಲ್ಲಿದ್ದೆ. ಯಾವ ಸಾಫ್ಟ್‌ವೇರ್ ತರಬೇಕು ಅನ್ನೋದಕ್ಕೆ ಸಭೆ ಮೇಲೆ ಸಭೆ ನಡೆದವು. ಅದನ್ನು ಯಾವ ಕ್ರಮದಲ್ಲಿ ಕಚೇರಿಗೆ ಇಳಿಸಬೇಕು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾವು ಪೆಟ್ಟು ತಿಂದದ್ದು ಅಲ್ಲೇ.

ಕ್ರಮಗಳು ಮುಖ್ಯವಾಗಿ ಎರಡು. ಒಂದು ವಾಟರ್‌ಫಾಲ್. ಬೇಕಾದ್ದನ್ನೆಲ್ಲ ಮೊದಲೇ ಬರೆದು, ಒಪ್ಪಿಗೆ ಪಡೆದು, ಒಂದೊಂದೇ ಹಂತ ಮುಗಿಸುತ್ತಾ ಹೋಗುವುದು. ರಾಶಿ ಅಡಿಕೆ ಮಾಡಿದ ಹಾಗೆ. ಕೊಯ್ದು, ಸುಲಿದು, ಬೇಯಿಸಿದ ಮೇಲೆ ‘ಇನ್ನೊಂಚೂರು ಬಲಿಯಬೇಕಿತ್ತು’ ಅಂದರೆ ಆಗದು. ಇನ್ನೊಂದು ಅಜೈಲ್. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಈ ಹೆಸರು ಕೊಟ್ಟರು. ಎರಡು ವಾರಕ್ಕೋ ಮೂರು ವಾರಕ್ಕೋ ಸ್ವಲ್ಪ ಮಾಡಿ, ಬಳಸುವವರಿಗೆ ತೋರಿಸಿ, ತಿದ್ದಿ, ಮುಂದಕ್ಕೆ ಹೋಗುವುದು.

ಇವೆರಡೂ ಹುಟ್ಟಿದ್ದು ಸಾಫ್ಟ್‌ವೇರನ್ನು ಹೊಸದಾಗಿ ಬರೆಯುವವರ ನಡುವೆ. ನೀವು ಬರೆಯುತ್ತಿಲ್ಲ, ಬರೆದದ್ದನ್ನು ಕೊಂಡಿದ್ದೀರಿ. ಹಾಗಾಗಿ ಇದೋ ಅದೋ ಅಂತ ಜಗಳ ಬೇಡ. ಯಾವ ಭಾಗಕ್ಕೆ ಯಾವುದು ಅಂತ ನೋಡಬೇಕು. ಎಸ್‌ಎಪಿ ಎಂಬ ವ್ಯವಹಾರದ ಸಾಫ್ಟ್‌ವೇರ್ ಮಾಡುವ ಕಂಪನಿ 2015ರಲ್ಲಿ ತಂದ ‘ಆಕ್ಟಿವೇಟ್’ ಕ್ರಮದಲ್ಲೂ ಹೀಗೇ ಇದೆ. ದೊಡ್ಡ ಹಂತಗಳು ಗಟ್ಟಿ, ಒಳಗಿನ ಕೆಲಸ ಸಣ್ಣ ಸಣ್ಣ ಸುತ್ತು.

ಮೊದಲು ಒಂದು ಚೀಲದ ಹಿಂದೆ ಹೋಗಿ

ಸದಸ್ಯರೊಬ್ಬರು ಚಾಲಿ (ಒಣಗಿಸಿ ಸುಲಿದ ಅಡಿಕೆ) ತಂದರು ಅಂತಿಟ್ಟುಕೊಳ್ಳಿ. ಚೀಲ ವಖಾರಿಗೆ ಬಂತು, ಲಾಟ್ ನಂಬರ್ ಬಿತ್ತು, ಟೆಂಡರ್ ಆಯಿತು, ತೂಕ ಆಯಿತು, ಸಾಲ ಮುರಿದುಕೊಂಡು ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಆಯಿತು, ಹಣ ಖಾತೆಗೆ ಹೋಯಿತು. ಇಷ್ಟನ್ನೂ ಏನೂ ಬದಲಿಸದ ಸಾಫ್ಟ್‌ವೇರಿನಲ್ಲಿ ಮಾಡಿ ನೋಡಿ. ಗುಮಾಸ್ತರು, ತೂಕ ಮಾಡುವವರು ಪಕ್ಕದಲ್ಲೇ ಇರಲಿ. ಸಿಕ್ಕಿಬಿದ್ದ ಕಡೆಯೆಲ್ಲ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಒಂದು ಗುರುತು ಹಾಕಿ: ನಮ್ಮ ರೂಢಿ ಬದಲಿಸಬಹುದೇ, ಸೆಟ್ಟಿಂಗ್ ಬದಲಿಸಿದರೆ ಸಾಕೇ, ಅಥವಾ ಹೊಸ ಕೋಡ್ ಬೇಕೇ?

ಕೋಡ್ ಗುರುತು ನಾಲ್ಕೈದು ಬಿದ್ದರೆ ವಾಟರ್‌ಫಾಲ್ ಧಾರಾಳ ಸಾಕು. ಜಾಸ್ತಿ ಇದ್ದರೆ, ಅಥವಾ ‘ಕಣ್ಣಿಗೆ ಕಂಡ ಮೇಲೆ ಹೇಳ್ತೇವೆ’ ಎನ್ನುವ ಮಾತೇ ಹೆಚ್ಚಿದ್ದರೆ, ಆ ಭಾಗಕ್ಕೆ ಸುತ್ತುಗಳು ಬೇಕು. ಸುಮ್ನೆ ಕೋಡ್ ಸೇರಿಸಬೇಡಿ. ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ಮತ್ತೆ ಪರೀಕ್ಷೆ ಮಾಡಬೇಕಾಗುತ್ತದೆ.

ಗಟ್ಟಿ ಭಾಗ, ಮೆತ್ತನೆ ಭಾಗ

ಲೆಕ್ಕದ ಶೀರ್ಷಿಕೆಗಳು, ಜಿಎಸ್‌ಟಿ, ಆರಂಭದ ಬಾಕಿ, ಸದಸ್ಯರ ಪಟ್ಟಿ ಗಟ್ಟಿ ಭಾಗ. ಇವನ್ನು ಮೊದಲೇ ತೀರ್ಮಾನಿಸಿ, ನಡುವೆ ಮುಟ್ಟಬೇಡಿ. ಪರದೆಯ ಮೇಲೆ ಮಾಹಿತಿ ತುಂಬುವ ಜಾಗಗಳು, ತೂಕದ ಚೀಟಿ, ವರದಿಗಳು ಮೆತ್ತನೆ ಭಾಗ. ಇವಕ್ಕೆ ಎರಡೆರಡು ವಾರದ ಸುತ್ತು ಸರಿ.

ಸದಸ್ಯರ ಪಟ್ಟಿ ಸಣ್ಣ ಕೆಲಸ ಅಂದುಕೊಳ್ಳಬೇಡಿ. ನಮ್ಮ ಕಡೆ ಒಂದೇ ಹೆಸರಿನ ಹೆಗಡೆಯವರು, ಭಟ್ಟರು ಎಷ್ಟು ಜನ, ಅಲ್ವಾ? ಕೆಲವೊಮ್ಮೆ ತಂದೆಯ ಹೆಸರೂ ಒಂದೇ, ಊರೂ ಒಂದೇ. ಹಳೇ ಗುಮಾಸ್ತರಿಗೆ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ಒಬ್ಬರ ಸಾಲ ಇನ್ನೊಬ್ಬರ ಪಟ್ಟಿಯಲ್ಲಿ ಮುರಿದು ಹೋಯಿತು. ವರ್ಷವಿಡೀ ದುಡಿದು ಅಡಿಕೆ ತಂದವರು ಆ ಪಟ್ಟಿ ಹಿಡಿದು ಕೌಂಟರಿನಲ್ಲಿ ನಿಂತದ್ದನ್ನು ನಾನು ಮರೆತಿಲ್ಲ. ಒಟ್ಟು ಮೊತ್ತ ಮಾತ್ರ ಸರಿಯಾಗಿಯೇ ತಾಳೆ ಆಗಿತ್ತು! ಆದ್ದರಿಂದ ಹಳೆಯ ಮಾಹಿತಿ ಸಾಗಿಸುವುದನ್ನು ಮೂರು ಸಲವಾದರೂ ತಾಲೀಮು ಮಾಡಿ. ಪ್ರತಿ ಸಲ ಒಂದಷ್ಟು ಖಾತೆಗಳನ್ನು ಹಳೇ ಲೆಡ್ಜರ್ ಜೊತೆ ಒಂದೊಂದಾಗಿ ಹೋಲಿಸಿ. ಆ ಗುಮಾಸ್ತರನ್ನೇ ಕೂರಿಸಿಕೊಳ್ಳಿ.

ತೀರ್ಮಾನ ಯಾರದ್ದು?

ಎರಡು ವಾರದ ಸುತ್ತು ನಡೆಯಬೇಕಾದರೆ ಆ ಎರಡು ವಾರದೊಳಗೆ ‘ಹೌದು’, ‘ಬೇಡ’ ಹೇಳುವವರು ಒಬ್ಬರು ಬೇಕು. ಆಡಳಿತ ಮಂಡಳಿ ಸೇರುವುದು ತಿಂಗಳಿಗೊಮ್ಮೆ. ಒಬ್ಬರಿಗೆ ಅಧಿಕಾರ ಕೊಟ್ಟು ಠರಾವು ಮಾಡಿ. ಅದು ಆಗದಿದ್ದರೆ ಅಜೈಲ್ ಆಸೆ ಬಿಟ್ಟುಬಿಡಿ, ವಾಟರ್‌ಫಾಲೇ ವಾಸಿ. ಕರಾರನ್ನೂ ನೋಡಿ. ಬಾಯಲ್ಲಿ ‘ಸುತ್ತು ಸುತ್ತಾಗಿ ತಿದ್ದೋಣ’ ಅಂದು, ಕಾಗದದಲ್ಲಿ ಇಡೀ ಕೆಲಸಕ್ಕೆ ಒಂದೇ ದರ ಬರೆದಿದ್ದರೆ ಪ್ರತಿ ತಿದ್ದುಪಡಿಗೂ ಬೇರೆ ಬಿಲ್ ಬರುತ್ತದೆ.

ದಿನ ಗೊತ್ತು ಮಾಡುವುದು

ಲೆಕ್ಕದ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಆದರೆ ಆಗ ವಖಾರಿಯಲ್ಲಿ ಉಸಿರಾಡಲೂ ಬಿಡುವಿಲ್ಲ. ಎರಡು ವರ್ಷಕ್ಕೊಮ್ಮೆ ಅದಕ್ಕೆ ಸ್ವಲ್ಪ ಮೊದಲು ಮಾರಿಕಾಂಬಾ ಜಾತ್ರೆ ಬೇರೆ. ನನ್ನ ಸಲಹೆ ಇಷ್ಟು. ಏಪ್ರಿಲ್ 1ಕ್ಕೆ ಲೆಕ್ಕ ಮಾತ್ರ ಹೊಸದಕ್ಕೆ ಬರಲಿ. ತೂಕ, ಪಟ್ಟಿ ಹಳೆಯದರಲ್ಲೇ ನಡೆಯಲಿ, ಅದರ ದಿನದ ಮೊತ್ತವನ್ನು ಸಂಜೆ ಹೊಸದಕ್ಕೆ ಏರಿಸಿ. ಮಳೆ ಹಿಡಿದು ಚೀಲ ಕಡಿಮೆ ಆದಾಗ ಸಣ್ಣ ಶಾಖೆಯೊಂದರಲ್ಲಿ ತೂಕ, ಪಟ್ಟಿ ಶುರು ಮಾಡಿ. ಒಂದು ತಿಂಗಳು ನೋಡಿ. ಆಮೇಲೆ ಉಳಿದ ಶಾಖೆಗಳು, ಕೊನೆಗೆ ಶಿರಸಿ.

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಯುಪಿಎಸ್ ಇರಲಿ, ನಂಬರ್ ಹಾಕಿದ ಕಾಗದದ ಪಟ್ಟಿ ಪುಸ್ತಕವೂ ಇರಲಿ. ಮೊದಲ ಹದಿನೈದು ದಿನ ಸಾಫ್ಟ್‌ವೇರ್ ಕೊಟ್ಟವರ ಕಡೆಯ ಒಬ್ಬರು ಫೋನಿನಲ್ಲಿ ಸಿಕ್ಕಿದರೆ ಸಾಲದು, ತಕ್ಕಡಿ ಪಕ್ಕದಲ್ಲೇ ಕೂತಿರಬೇಕು. ಇದನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ.