ಕತಾರಿನ ಕೆಲಸದ ಕರಾರು ಓದುವುದು ಹೇಗೆ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ

ಕತಾರ್ ನಮ್ಮ ಕಲಬುರಗಿ ಜಿಲ್ಲೆಗಿಂತ ಸ್ವಲ್ಪವೇ ದೊಡ್ಡದು. ಅಲ್ಲಿರುವ ಸುಮಾರು 30 ಲಕ್ಷ ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೊರಗಿನಿಂದ ಬಂದವರು. ಇಡೀ ದೇಶ ನಡೆಯುವುದು ಗ್ಯಾಸಿನ ರೊಕ್ಕದ ಮೇಲೆ. ಸರ್ಕಾರ ಎಲ್ಲಿ ಖರ್ಚು ಮಾಡುತ್ತದೋ ಅಲ್ಲಿ ಕೆಲಸ ಹುಟ್ಟುತ್ತದೆ, ಖರ್ಚು ನಿಂತ ಕಡೆ ಮೊದಲು ಊರಿಗೆ ಮರಳುವವರು ನಮ್ಮವರೇ. ಏಜೆಂಟ್ ಹೇಳುವ ತಿಂಗಳ ಮೊತ್ತ ಕೇಳುವ ಮೊದಲು ಇದನ್ನು ನೋಡಬೇಕು.

ಕಂಪನಿ ಯಾವ ಕೆಲಸದ್ದು ಎಂದು ಮೊದಲು ಕೇಳಿ. 2022ರ ವಿಶ್ವಕಪ್‌ಗಾಗಿ ಸ್ಟೇಡಿಯಂ, ಮೆಟ್ರೊ, ರಸ್ತೆ ಎಂದು ವರ್ಷಗಟ್ಟಲೆ ಕಟ್ಟಡದ ಕೆಲಸ ನಡೆಯಿತು. ಅದು ಮುಗಿದಿದೆ. ಈಗಿನ ದೊಡ್ಡ ಹೂಡಿಕೆ ನಾರ್ತ್ ಫೀಲ್ಡ್ ಗ್ಯಾಸ್ ನಿಕ್ಷೇಪದ ವಿಸ್ತರಣೆ: ವರ್ಷಕ್ಕೆ 7.7 ಕೋಟಿ ಟನ್ ಇದ್ದ ದ್ರವೀಕೃತ ಗ್ಯಾಸಿನ ಸಾಮರ್ಥ್ಯವನ್ನು 14.2 ಕೋಟಿ ಟನ್‌ಗೆ ಏರಿಸುವುದು ಗುರಿ. ಗ್ಯಾಸ್ ಕಾರ್ಖಾನೆಗಳಿರುವ ರಾಸ್ ಲಫಾನ್ ಕಡೆಯ ಪೈಪ್ ಫಿಟ್ಟರ್, ವೆಲ್ಡರ್, ಸ್ಕ್ಯಾಫೋಲ್ಡಿಂಗ್ ಕೆಲಸಗಳು ಇದರ ಬೆನ್ನಿಗಿವೆ. 2024–2030ರ ರಾಷ್ಟ್ರೀಯ ಅಭಿವೃದ್ಧಿ ಯೋಜನೆಯಲ್ಲಿ ಕಾರ್ಖಾನೆ, ಸರಕು ಸಾಗಣೆ, ಪ್ರವಾಸೋದ್ಯಮಕ್ಕೆ ಒತ್ತು ಕೊಟ್ಟಿದ್ದಾರೆ. ಅಂದರೆ ಗೋದಾಮು, ಹೆವಿ ಡ್ರೈವಿಂಗ್, ಹೋಟೆಲ್ ಅಡುಗೆಮನೆ. ಗುಮಾಸ್ತನ ಕೆಲಸಕ್ಕೆ ಕರೆದರೆ ಮಾತ್ರ ಎರಡು ಸಲ ಯೋಚಿಸಿ. ಖಾಸಗಿ ಕಂಪನಿಗಳು ಸ್ಥಳೀಯರನ್ನೇ ಮೊದಲು ತೆಗೆದುಕೊಳ್ಳಬೇಕೆಂದು 2024ರಲ್ಲಿ ಕಾನೂನು ಬಂದಿದೆ, ಅದರ ಬಿಸಿ ಮೊದಲು ತಟ್ಟುವುದು ಆಫೀಸಿನ ಕುರ್ಚಿಗಳಿಗೆ.

ಅಲ್ಲಿನ ಬಜೆಟ್ ವರ್ಷ ಜನವರಿಯಿಂದ ಡಿಸೆಂಬರ್. ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ ಇಷ್ಟು ಡಾಲರ್ ಇರುತ್ತದೆ ಎಂದು ಹಿಡಿದು ಲೆಕ್ಕ ಹಾಕುತ್ತಾರೆ, ಗ್ಯಾಸಿನ ಬೆಲೆಯೂ ಹೆಚ್ಚಾಗಿ ತೈಲದ ಹಿಂದೆಯೇ ಹೋಗುತ್ತದೆ. 2025ಕ್ಕೆ 60 ಡಾಲರ್ ಹಿಡಿದಿದ್ದರು, ಆದರೂ 13.2 ಶತಕೋಟಿ ರಿಯಾಲ್ (ಕತಾರಿನ ನಾಣ್ಯ) ಕೊರತೆಯ ಬಜೆಟ್ ಮಂಡಿಸಿದರು. ತೈಲದ ಬೆಲೆ ಹಿಡಿದ ಅಂಕಿಗಿಂತ ತಿಂಗಳುಗಟ್ಟಲೆ ಕೆಳಗಿದ್ದರೆ ಗುತ್ತಿಗೆದಾರರ ಬಿಲ್ ತಡವಾಗುವ ಸಂಭವ ಹೆಚ್ಚು. ಬಿಲ್ ತಡವಾದರೆ ಸಣ್ಣ ಸಪ್ಲೈ ಕಂಪನಿಯಲ್ಲಿ ಮೊದಲು ನಿಲ್ಲುವುದು ಪಗಾರ. ಇನ್ನೊಂದು, ಕತಾರಿನ ಗ್ಯಾಸ್ ಹಡಗುಗಳಿಗೆ ಹೊರಗೆ ಬರಲು ಇರಾನ್ ಪಕ್ಕದ ಇಕ್ಕಟ್ಟಾದ ಹಾರ್ಮುಜ್ ಜಲಸಂಧಿ ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲಿ ಗಲಾಟೆ ಎಂದು ಸುದ್ದಿ ಬಂದ ವಾರ ಸಾಲ ಮಾಡಿ ಟಿಕೆಟ್ ತೆಗೆಸುವ ಅವಸರ ಬೇಡ.

ರಿಯಾಲ್‌ನ ಬೆಲೆಗೆ ಏಜೆಂಟ್ ಹೇಳಿದ್ದೇ ವೇದವಾಗಬೇಕಿಲ್ಲ. 2001ರಿಂದ ಒಂದು ಡಾಲರ್‌ಗೆ 3.64 ರಿಯಾಲ್ ಎಂದು ಕಟ್ಟಿಟ್ಟಿದ್ದಾರೆ. ಅವತ್ತಿನ ಡಾಲರ್ ದರವನ್ನು 3.64ರಿಂದ ಭಾಗಿಸಿದರೆ ಆಯಿತು: ಡಾಲರ್ 91 ರೂಪಾಯಿ ಇದ್ದರೆ ರಿಯಾಲ್ 25 ರೂಪಾಯಿ. ಬ್ಯಾಂಕ್, ಎಕ್ಸ್‌ಚೇಂಜ್‌ನವರು ಕೊಡುವುದು ಇದಕ್ಕಿಂತ ತುಸು ಕಡಿಮೆ.

ಇನ್ನು ಕರಾರು. ಇಲ್ಲಿಯೇ ಹೆಚ್ಚು ಮಂದಿ ಮೋಸ ಹೋಗುವುದು. 2021ರ ಮಾರ್ಚ್‌ನಿಂದ ಕನಿಷ್ಠ ವೇತನ ಬೇಸಿಕ್, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ಪಗಾರ, 1,000 ರಿಯಾಲ್. ಕಂಪನಿ ರೂಮು ಕೊಡದಿದ್ದರೆ ಅದಕ್ಕೆ 500, ಊಟ ಕೊಡದಿದ್ದರೆ 300 ಮೇಲೆ ಕೊಡಬೇಕು. "1,800 ರಿಯಾಲ್ ಪಗಾರ" ಎಂದಾಗ ಕೇಳಬೇಕಾದ್ದು ಒಂದೇ: ಬೇಸಿಕ್ ಎಷ್ಟು? ಒಬ್ಬನದು 1,000 ಬೇಸಿಕ್, ಮೇಲೆ ರೂಮು-ಊಟದ 800. ಇನ್ನೊಬ್ಬನದು ಬೇಸಿಕ್ಕೇ 1,800, ರೂಮು-ಊಟ ಕಂಪನಿಯದು. ಇಬ್ಬರೂ ಊರಲ್ಲಿ ಹೇಳುವುದು 1,800 ಎಂದೇ. ದಿನಕ್ಕೆ ಎರಡು ತಾಸಿನಂತೆ 26 ದಿನ ಓವರ್‌ಟೈಮ್ ಮಾಡಿದರೆ ಮೊದಲನೆಯವನಿಗೆ ಸಿಗುವುದು ಸುಮಾರು 270 ರಿಯಾಲ್, ಎರಡನೆಯವನಿಗೆ 487. ಬೇಸಿಕ್ಕನ್ನು 30 ದಿನ, 8 ತಾಸಿಗೆ ಭಾಗಿಸಿ, ಅದರ ಮೇಲೆ ಕಾಲು ಭಾಗ ಸೇರಿಸುವುದು ಇದರ ಲೆಕ್ಕ. ಕೆಲಸ ಬಿಟ್ಟು ಬರುವಾಗಿನ ಗ್ರಾಚ್ಯುಟಿಯೂ ಬೇಸಿಕ್ ಮೇಲೆಯೇ: ವರ್ಷಕ್ಕೆ ಕನಿಷ್ಠ ಮೂರು ವಾರದ ಬೇಸಿಕ್. ನಾಲ್ಕು ವರ್ಷಕ್ಕೆ ಒಬ್ಬನಿಗೆ 2,800, ಇನ್ನೊಬ್ಬನಿಗೆ 5,040.

ಕರಾರಿನಲ್ಲಿ ವಾರಕ್ಕೆ 48 ತಾಸು ಎಂದಿರಬೇಕು. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ 10 ತಾಸು ಮೀರಬಾರದು. "12 ತಾಸು ಡ್ಯೂಟಿ, ಓವರ್‌ಟೈಮ್ ಪಗಾರದಲ್ಲೇ ಸೇರಿದೆ" ಎಂದು ಬರೆದಿದ್ದರೆ ಸಹಿ ಹಾಕಬೇಡಿ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಕಲಬುರಗಿಯ ಬಿಸಿಲು ಕಂಡವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಆದರೆ ಅಲ್ಲಿಯದು ಸಮುದ್ರದ ತೇವ ಸೇರಿದ ಬಿಸಿಲು, ಬೆವರು ಆರುವುದೇ ಇಲ್ಲ.

"ಆಜಾದ್ ವೀಸಾ" ಎಂದು ಇನ್ನೂ ಮಾರುತ್ತಾರೆ. ಅಂಥ ವೀಸಾ ಕಾನೂನಿನಲ್ಲಿ ಇಲ್ಲ. ಕಾಗದದಲ್ಲಿ ಒಬ್ಬ ಮಾಲೀಕ, ಕೆಲಸ ಇನ್ನೊಬ್ಬನ ಹತ್ತಿರ. ಸಿಕ್ಕಿಬಿದ್ದರೆ ದಂಡ, ಗಡಿಪಾರು. 2020ರ ಸುಧಾರಣೆಯಾದ ಮೇಲಂತೂ ಅದಕ್ಕೆ ರೊಕ್ಕ ಸುರಿಯುವುದು ಶುದ್ಧ ದಡ್ಡತನ. ಹಳೆಯ ಮಾಲೀಕನ ಒಪ್ಪಿಗೆ ಪತ್ರವಿಲ್ಲದೆ ಕಂಪನಿ ಬದಲಾಯಿಸಲು ಈಗ ಅವಕಾಶವಿದೆ. ಮೊದಲ ಎರಡು ವರ್ಷದಲ್ಲಾದರೆ ಒಂದು ತಿಂಗಳ ನೋಟಿಸ್, ಆಮೇಲೆ ಎರಡು ತಿಂಗಳು.

ಕೆಲಸದ ಕ್ರಮ ಹೀಗೆ: ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ಭಾರತ ಸರ್ಕಾರ ನಡೆಸುವ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟನ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ನೋಡಿ. ಊರಿನ ಸಬ್‌-ಏಜೆಂಟ್ ತೋರಿಸುವ ವಿಸಿಟಿಂಗ್ ಕಾರ್ಡ್ ಲೈಸೆನ್ಸ್ ಅಲ್ಲ. ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜಿಎಸ್‌ಟಿ ಸೇರಿ 35,400. ರಸೀದಿ ಕೇಳಿ ಪಡೆಯಿರಿ. ಬೆರಳಚ್ಚು, ವೈದ್ಯಕೀಯ ಪರೀಕ್ಷೆ, ಕರಾರಿನ ಸಹಿ ಮೂರೂ ಕತಾರ್ ವೀಸಾ ಸೆಂಟರ್‌ನಲ್ಲೇ ಆಗುತ್ತವೆ, ನಮಗೆ ಹತ್ತಿರದ್ದು ಹೈದರಾಬಾದ್. ಅಲ್ಲಿ ಸಹಿ ಹಾಕುವ ಕರಾರಿನ ಬೇಸಿಕ್ಕನ್ನು ಊರಲ್ಲಿ ಕೊಟ್ಟ ಆಫರ್ ಲೆಟರ್ ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ ಕಂಡರೆ ಅಲ್ಲಿಯೇ ನಿಲ್ಲಿ, ವಿಮಾನ ಹತ್ತಿದ ಮೇಲೆ ಹೇಳಿ ಪ್ರಯೋಜನವಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ವಲಸೆ ಅನುಮತಿ ಬೇಕು. ಅದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಪ್ರೀಮಿಯಂ, ಅದನ್ನು ಉಳಿಸಲು "ವಿಸಿಟ್ ವೀಸಾದಲ್ಲಿ ಹೋಗಿ ಬಿಡು" ಎನ್ನುವವರ ಮಾತು ಕೇಳಬೇಡಿ.

ಸಾಲದ ಲೆಕ್ಕವನ್ನು ರಿಯಾಲ್‌ನಲ್ಲೇ ಮಾಡಿ. ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಗೆ 1.5 ಲಕ್ಷ ತಂದರೆ ಬಡ್ಡಿಯೇ 4,500 ರೂಪಾಯಿ, ಮೇಲಿನ ದರದಲ್ಲಿ 180 ರಿಯಾಲ್. ಬೇಸಿಕ್ 1,000 ಇದ್ದವನಿಗೆ ಅದು ಐದು ದಿನಕ್ಕೂ ಮೇಲಿನ ದುಡಿಮೆ, ಅಸಲು ಹಾಗೇ ಇರುತ್ತದೆ. ಹೊರಡುವ ಮೊದಲು ಬ್ಯಾಂಕಿನಲ್ಲಿ ಎನ್‌ಆರ್‌ಇ ಖಾತೆ (ಹೊರದೇಶದ ಗಳಿಕೆ ಹಾಕುವುದು) ತೆರೆಯಲು ಅರ್ಜಿ ಕೊಡಿ, ಇರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ (ಹೊರದೇಶದಲ್ಲಿರುವವರ ಇಲ್ಲಿನ ಆದಾಯದ ಖಾತೆ) ಬದಲಿಸಿ. ಕರಾರಿನ ಒಂದು ನಕಲು ಮನೆಯವರ ಕೈಯಲ್ಲಿರಲಿ. ಪಗಾರ ಬ್ಯಾಂಕ್ ಮೂಲಕವೇ, ನಿಗದಿತ ದಿನದಿಂದ 7 ದಿನದೊಳಗೆ ಬರಬೇಕು. ಎರಡನೇ ತಿಂಗಳೂ ತಪ್ಪಿದರೆ ಆ ನಕಲನ್ನಿಟ್ಟುಕೊಂಡು ಮನೆಯವರು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು.