ಹಿತ್ತಲಿಗೆ ಗ್ರಿಲ್ ಬೇಕೇ, ಸ್ಮೋಕರ್ ಬೇಕೇ? ಕೊಳ್ಳುವ ಮುಂಚೆ ಇಷ್ಟು ನೋಡಿ

ಹೊರಗೆ ಬೆಂಕಿ ಹಾಕಿ ಅಡುಗೆ ಮಾಡುವ ಆಸೆ ಹುಟ್ಟಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವುದು ಒಳ್ಳೇದು? ಗ್ಯಾಸಿನದು, ಇದ್ದಿಲಿನದು, ಕರೆಂಟಿನದು, ಮೊಟ್ಟೆಯಾಕಾರದ್ದು, ಹಳೇ ರೈಲು ಎಂಜಿನ್ನಿನ ಹಾಗೆ ಪಕ್ಕದಲ್ಲಿ ಬೆಂಕಿ ಉರಿಸಲೆಂದೇ ಒಂದು ಪೆಟ್ಟಿಗೆ ಇರುವುದು, ಹೀಗೆ ನೂರೆಂಟು ಬಗೆ. ನಾನು ಹೇಳುವುದು, ಆ ಪ್ರಶ್ನೆಯನ್ನು ಸದ್ಯಕ್ಕೆ ಬಿಡಿ. ಬೆಂಕಿ ನೋಡಿಕೊಳ್ಳಲು ನಿಮಗೆ ಎಷ್ಟು ಪುರುಸೊತ್ತಿದೆ, ಎಷ್ಟು ಇಷ್ಟ ಇದೆ, ಅದನ್ನು ಮೊದಲು ಕೇಳಿಕೊಳ್ಳಿ. ಅದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡರೆ ಅರ್ಧ ಆಯ್ಕೆ ಮುಗಿದಂತೆ. ಬರ್ನರ್ ಎಷ್ಟು, ಮೊಬೈಲ್ ಆ್ಯಪ್ ಇದೆಯಾ ಅನ್ನುವುದೆಲ್ಲ ಆಮೇಲಿನ ಮಾತು.

ಮೊದಲ ಹೆಜ್ಜೆ: ಏನು ಬೇಯಿಸುತ್ತೀರಿ?

ಗ್ರಿಲ್ ಮಾಡುವುದು ಬೇರೆ, ಸ್ಮೋಕ್ ಮಾಡುವುದು ಬೇರೆ. ಗ್ರಿಲ್ ಅಂದರೆ ಜೋರು ಕಾವು, ಕಡಿಮೆ ಹೊತ್ತು. ಜಾಲರಿಯ ಹತ್ತಿರ 230 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಮೀನು, ಜೋಳದ ತೆನೆ, ತೆಳುವಾದ ಮಾಂಸದ ತುಂಡು, ತರಕಾರಿ ಎಲ್ಲ ಕೆಲವೇ ನಿಮಿಷಗಳಲ್ಲಿ ಆಗುತ್ತವೆ. ಸ್ಮೋಕ್ ಅಂದರೆ ಕಟ್ಟಿಗೆಯ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವುದು. ಆಗ ಕಾವು 105ರಿಂದ 135 ಡಿಗ್ರಿಯ ಒಳಗೆ ಇರಬೇಕು, ಅದೂ ಗಂಟೆಗಟ್ಟಲೆ.

ಅಷ್ಟು ಹೊತ್ತು ಯಾಕೆ? ಪ್ರಾಣಿ ಜಾಸ್ತಿ ದುಡಿಸುವ ಭುಜ, ಎದೆಯಂಥ ಭಾಗಗಳಲ್ಲಿ ಕೊಲಾಜನ್ ಎಂಬ ಪ್ರೋಟೀನ್ ತುಂಬಿರುತ್ತದೆ. ಬೇಗ ಬೇಯಿಸಿದರೆ ಅಗಿಯಲು ಆಗುವುದಿಲ್ಲ. ಮಾಂಸದ ಒಳಗಿನ ಬಿಸಿ 70 ಡಿಗ್ರಿ ದಾಟಿ ಬಹಳ ಹೊತ್ತು ಹಾಗೇ ಇದ್ದರೆ ಕೊಲಾಜನ್ ನಿಧಾನವಾಗಿ ಜೆಲಟಿನ್ ಆಗಿ ಕರಗುತ್ತದೆ. ಅದಕ್ಕೇ ಇಂಥ ತುಂಡುಗಳನ್ನು ಒಳಗೆ 90-95 ಡಿಗ್ರಿ ಬರುವ ತನಕ ಇಡುತ್ತಾರೆ. ನಡುವೆ, 65-75ರ ಹತ್ತಿರ, ಥರ್ಮಾಮೀಟರಿನ ಅಂಕಿ ಗಂಟೆಗಟ್ಟಲೆ ಕದಲುವುದೇ ಇಲ್ಲ. ಮೇಲ್ಮೈಯಿಂದ ನೀರು ಆವಿಯಾಗುತ್ತಾ ಮಾಂಸವನ್ನು ತಂಪು ಮಾಡುವುದರಿಂದ ಹೀಗಾಗುತ್ತದೆ. ದೊಡ್ಡ ತುಂಡು ಬೇಯಲು ಹತ್ತು-ಹನ್ನೆರಡು ಗಂಟೆ ಹಿಡಿಯುವುದು ಮಾಮೂಲು. ಅಷ್ಟು ಹೊತ್ತೂ ಕಾವು ಒಂದೇ ಸಮ ಇರಬೇಕು. ಸ್ಮೋಕರ್ ಮಾಡಿಕೊಡಬೇಕಾದ ಕೆಲಸ ಅದು.

ಇವೆರಡರ ನಡುವೆ ಮೂರನೆಯದೊಂದಿದೆ. ಮುಚ್ಚಳ ಹಾಕಿ, ಬೆಂಕಿ ಒಂದು ಪಕ್ಕ, ಅಡುಗೆ ಇನ್ನೊಂದು ಪಕ್ಕ ಇಟ್ಟು 160-200 ಡಿಗ್ರಿಯಲ್ಲಿ ಬೇಯಿಸುವುದು. ಇಡೀ ಕೋಳಿ, ಆಲೂಗಡ್ಡೆ, ದಪ್ಪ ಮೀನು ಇದಕ್ಕೆ ಸರಿ. ಮನೆಯವರು ದಿನನಿತ್ಯ ಮಾಡುವ ಹೊರಗಡುಗೆಯಲ್ಲಿ ಬಹುಪಾಲು ಇದೇ ಆಗಿರುತ್ತದೆ. ಹಾಗಾಗಿ ಮುಚ್ಚಳ ಇಲ್ಲದ ಗ್ರಿಲ್ ಕೊಳ್ಳಲೇಬೇಡಿ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಸ್ಮೋಕ್ ಮಾಡುವ ಅಂದಾಜಿದ್ದರೆ ಅದಕ್ಕೆಂದೇ ಬೇರೆ ಸ್ಮೋಕರ್ ಕೂಡ ಬೇಡ. ಒಳ್ಳೆಯ ಇದ್ದಿಲು ಗ್ರಿಲ್ಲೇ ಆ ಕೆಲಸವನ್ನೂ ಮಾಡುತ್ತದೆ.

ಎರಡನೆಯದು: ಯಾವ ಬೆಂಕಿ?

ಕೆಲಸ ಮುಗಿಸಿ ಬಂದು ಅರ್ಧ ಗಂಟೆಯಲ್ಲಿ ಊಟ ಆಗಬೇಕು ಅನ್ನುವವರಿಗೆ ಗ್ಯಾಸ್. ಹತ್ತು-ಹದಿನೈದು ನಿಮಿಷದಲ್ಲಿ ಕಾಯುತ್ತದೆ, ಗುಂಡಿ ತಿರುಗಿಸಿದರೆ ಕಾವು ಇಳಿಯುತ್ತದೆ, ಬೂದಿ ಇಲ್ಲ. ಕನಿಷ್ಠ ಎರಡು ಬರ್ನರ್ ಇರಲಿ, ಮೂರಿದ್ದರೆ ಇನ್ನೂ ಅನುಕೂಲ. ಒಂದನ್ನು ಹೊತ್ತಿಸಿ ಇನ್ನೊಂದನ್ನು ಆರಿಸಿಟ್ಟಾಗ ಮಾತ್ರ ಬೆಂಕಿ ತಾಗದ ಜಾಗ ಸಿಗುತ್ತದೆ. ಗ್ಯಾಸಿಗೆ ತನ್ನದೇ ಹೊಗೆಯ ರುಚಿ ಇಲ್ಲ. ಕೊಬ್ಬು, ರಸ ಬಿಸಿ ತಗಡಿನ ಮೇಲೆ ಬಿದ್ದು ಏಳುವ ಹೊಗೆಯಿಂದಷ್ಟೇ ಆ ಪರಿಮಳ ಬರುತ್ತದೆ. ಇನ್ನೊಂದು ಮಾತು: ಸಿಲಿಂಡರಿನಲ್ಲಿ ಬರುವ ಪ್ರೊಪೇನ್‌ಗೆ ಮಾಡಿದ ಗ್ರಿಲ್ಲಿಗೆ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲವನ್ನು ಹಾಗೇ ಜೋಡಿಸುವಂತಿಲ್ಲ. ಬರ್ನರಿಗೆ ಅನಿಲ ಬರುವ ರಂಧ್ರದ ಅಳತೆ ಎರಡಕ್ಕೂ ಬೇರೆ. ನಿಮ್ಮಲ್ಲಿ ಯಾವುದು ಸಿಗುತ್ತದೆ ಎಂದು ನೋಡಿಕೊಂಡೇ ಕೊಳ್ಳಿ.

ಇದ್ದಿಲಿಗೆ ನನ್ನ ಒಲವು ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ದುಂಡನೆಯ ಕೆಟಲ್ ಗ್ರಿಲ್ ಅಂತೂ ಮೊದಲ ಸಲ ಕೊಳ್ಳುವವರಿಗೆ ಬಹಳ ಒಳ್ಳೆಯದು. 1952ರಲ್ಲಿ ಅಮೆರಿಕದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್, ನೀರಿನ ಮೇಲೆ ತೇಲಿಬಿಡುವ ಲೋಹದ ಗುಂಡನ್ನು ಎರಡು ಹೋಳು ಮಾಡಿ, ಒಂದನ್ನು ಬೋಗುಣಿ, ಇನ್ನೊಂದನ್ನು ಮುಚ್ಚಳ ಮಾಡಿದರು. ಗಾಳಿಗೆ ಬೆಂಕಿ ಹಾರಾಡದಂತೆ ಮಾಡುವುದು ಅವರ ಉದ್ದೇಶ. ಅದರಲ್ಲಿ ಮೂಲ ವಿಷಯ ಪೂರ್ತಿ ಇದೆ. ಕೆಳಗೆ ಒಂದು ಗಾಳಿಕಿಂಡಿ, ಮೇಲೆ ಒಂದು. ಕೆಳಗಿನದನ್ನು ತೆರೆದರೆ ಆಮ್ಲಜನಕ ಹೋಗಿ ಕೆಂಡ ನಿಗಿನಿಗಿ ಅನ್ನುತ್ತದೆ, ಮುಚ್ಚುತ್ತಾ ಬಂದರೆ ಕಾವು ಇಳಿಯುತ್ತದೆ. ಮೇಲಿನದು ಹೊಗೆ ಹೊರಹೋಗಲು. ಅದನ್ನು ಬಹುತೇಕ ತೆರೆದೇ ಇಡಬೇಕು. ಕಾವು ಏರಿತು ಎಂದು ಮೇಲಿನ ಕಿಂಡಿಯನ್ನು ಮುಚ್ಚಿದರೆ ಹೊಗೆ ಒಳಗೇ ನಿಂತು ಮಾಂಸ ಕಹಿಯಾಗುತ್ತದೆ.

ಕೆಟಲ್‌ನಲ್ಲಿ ಸ್ಮೋಕ್ ಮಾಡುವುದೂ ಕಷ್ಟವಲ್ಲ. ಅಚ್ಚಿನ ಇದ್ದಿಲು ಬಿಲ್ಲೆಗಳನ್ನು ಬೋಗುಣಿಯ ಅಂಚಿಗೆ ಅರ್ಧಚಂದ್ರಾಕಾರವಾಗಿ ಎರಡು ಸಾಲು ಜೋಡಿಸಿ, ಒಂದು ತುದಿಗೆ ಮಾತ್ರ ಕೆಂಡ ಇಡಿ. ಬೆಂಕಿ ಬಿಲ್ಲೆಯಿಂದ ಬಿಲ್ಲೆಗೆ ನಿಧಾನವಾಗಿ ಹಬ್ಬುತ್ತಾ ಗಂಟೆಗಟ್ಟಲೆ ಒಂದೇ ಕಾವು ಕೊಡುತ್ತದೆ. ಮರದ ಗಟ್ಟಿ ಇದ್ದಿಲು ಇದಕ್ಕಿಂತ ಬೇಗ, ಜೋರಾಗಿ ಉರಿಯುತ್ತದೆ, ಬೂದಿಯೂ ಕಡಿಮೆ. ಆದರೆ ತುಂಡುಗಳು ಒಂದೇ ಗಾತ್ರ ಇರದ ಕಾರಣ ಕಾವು ಏರುಪೇರಾಗುತ್ತದೆ.

ಕಮಾಡೊ ಅನ್ನುವ ಮೊಟ್ಟೆಯಾಕಾರದ ಒಲೆಯೂ ಇದ್ದಿಲಿನದೇ. ಗೋಡೆ ದಪ್ಪ ಸೆರಾಮಿಕ್. ಸ್ವಲ್ಪ ಇದ್ದಿಲಿನಲ್ಲಿ ದೀರ್ಘ ಹೊತ್ತು ಕಾವು ಹಿಡಿದಿಡುತ್ತದೆ, ಮಳೆ, ಚಳಿಗೆ ಅಷ್ಟಾಗಿ ಜಗ್ಗುವುದಿಲ್ಲ. ಆದರೆ ಒಮ್ಮೆ ಕಾವು ಮೇಲೇರಿದರೆ ಇಳಿಸುವುದು ಬಹಳ ಕಷ್ಟ. ತೂಕ ಜಾಸ್ತಿ, ಬಿದ್ದರೆ ಒಡೆಯುತ್ತದೆ. ಜೋರು ಬಿಸಿಯಿರುವಾಗ ಮುಚ್ಚಳವನ್ನು ಒಮ್ಮೆಲೇ ಎತ್ತಬಾರದು. ಗಾಳಿ ಒಳನುಗ್ಗಿ ಜ್ವಾಲೆ ಮುಖಕ್ಕೆ ಚಿಮ್ಮಬಹುದು. ಎರಡು ಬೆರಳಷ್ಟು ಎತ್ತಿ, ಸ್ವಲ್ಪ ತಡೆದು, ಆಮೇಲೆ ಪೂರ್ತಿ ತೆರೆಯಿರಿ.

ರಾತ್ರಿಯಿಡೀ ಮಾಂಸ ಬೇಯಬೇಕು, ಆದರೆ ನಾನು ನಿದ್ದೆ ಮಾಡಬೇಕು ಅನ್ನುವವರಿಗೆ ಪೆಲೆಟ್ ಗ್ರಿಲ್. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳನ್ನು ಒಂದು ತಿರುಪು ಬೆಂಕಿಕುಣಿಗೆ ತಳ್ಳುತ್ತದೆ, ಫ್ಯಾನ್ ಗಾಳಿ ಊದುತ್ತದೆ, ನೀವು ಹೇಳಿದ ಕಾವನ್ನು ಯಂತ್ರವೇ ಕಾಯುತ್ತದೆ. ಕರೆಂಟು ಹೋದರೆ ಅಡುಗೆಯೂ ನಿಂತಂತೆ. ಗುಳಿಗೆ ತೇವವಾದರೆ ಉಬ್ಬಿ ಪುಡಿಯಾಗಿ ತಿರುಪು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮುಚ್ಚಳದ ಡಬ್ಬದಲ್ಲಿ ತೇವ ತಾಗದಂತೆ ಇಡಲು ಜಾಗ ಬೇಕು. ಹೊಗೆಯ ರುಚಿ ಸೌಮ್ಯ. ಕೆಲವರಿಗೆ ಅದೇ ಇಷ್ಟ.

ಪಕ್ಕದಲ್ಲಿ ಬೆಂಕಿ ಉರಿಸಲೆಂದೇ ಪೆಟ್ಟಿಗೆ ಇರುವ, ಕಟ್ಟಿಗೆ ಉರಿಸುವ ಆಫ್‌ಸೆಟ್ ಸ್ಮೋಕರ್‌ನ ರುಚಿಗೆ ಸಾಟಿ ಇಲ್ಲ. ಆದರೆ ಮುಕ್ಕಾಲು ಗಂಟೆಗೊಮ್ಮೆ ಸೌದೆ ಹಾಕಬೇಕು, ಇಡೀ ದಿನ ಅದರ ಪಕ್ಕದಲ್ಲೇ ಇರಬೇಕು. ಹಾಗಿರಲು ಖುಷಿಯಾದರೆ ಮಾತ್ರ ಕೊಳ್ಳಿ. ಕೊಂಡರೆ ದಪ್ಪ ಕಬ್ಬಿಣದ್ದೇ ಕೊಳ್ಳಿ, 6 ಮಿಲಿಮೀಟರ್ ಇದ್ದರೆ ಚೆಂದ. ಎರಡು-ಮೂರು ಮಿಲಿಮೀಟರಿನ ತೆಳು ತಗಡು ಗಾಳಿ ಬೀಸಿದಾಗೆಲ್ಲ ತಣ್ಣಗಾಗಿ ನಿಮ್ಮನ್ನು ಓಡಾಡಿಸುತ್ತದೆ. ಅಗ್ಗದ ಆಫ್‌ಸೆಟ್‌ಗಿಂತ ಒಳ್ಳೆಯ ಕೆಟಲ್ ಎಷ್ಟೋ ಮೇಲು.

ಕರೆಂಟಿನ ಸ್ಮೋಕರ್ ಸುಲಭ, ಜೋರು ಕಾವು ಬೇಕಿಲ್ಲದ ಮೀನು, ಚೀಸ್‌ಗೆ ಸಾಕು. ಇದ್ದಿಲು, ಗ್ಯಾಸ್ ಹಚ್ಚಲು ಬಿಡದ ಕಟ್ಟಡಗಳಲ್ಲಿ ಕೆಲವೊಮ್ಮೆ ಉಳಿಯುವ ದಾರಿ ಅದೊಂದೇ.

ಮೂರನೆಯದು: ಕೈಯಿಂದ ಮುಟ್ಟಿ ನೋಡಿ

ಚಿತ್ರ ನೋಡಿ ಆರ್ಡರ್ ಮಾಡಬೇಡಿ. ಸಾಧ್ಯವಿದ್ದರೆ ಎದುರಿಗೆ ನಿಂತು ಪರೀಕ್ಷಿಸಿ. ಮುಚ್ಚಳವನ್ನು ಎತ್ತಿ, ಮುಚ್ಚಿ. ಮೊಬೈಲಿನ ಟಾರ್ಚ್ ಹಚ್ಚಿ ಒಳಗಿಟ್ಟು ಮುಚ್ಚಳ ಹಾಕಿ, ಬೆಳಕು ಎಲ್ಲೆಲ್ಲಿ ಸೋರುತ್ತದೆ ನೋಡಿ. ಕಾಗದದ ಪಟ್ಟಿಯೊಂದನ್ನು ಅಂಚಿಗೆ ಸಿಕ್ಕಿಸಿ ಎಳೆದರೂ ಗೊತ್ತಾಗುತ್ತದೆ. ಗ್ರಿಲ್ಲಿನಲ್ಲಿ ಸಣ್ಣಪುಟ್ಟ ಸಂದು ಇದ್ದರೆ ನಡೆದೀತು, ಸ್ಮೋಕರ್‌ನಲ್ಲಿ ನಡೆಯುವುದಿಲ್ಲ. ನಿಮಗೆ ಗೊತ್ತಿಲ್ಲದ ಸಂದಿನಿಂದ ಗಾಳಿ ಒಳಗೆ ಬರುತ್ತಿದ್ದರೆ ಕಿಂಡಿ ಎಷ್ಟು ಮುಚ್ಚಿದರೂ ಕಾವು ಹಿಡಿತಕ್ಕೆ ಬರುವುದಿಲ್ಲ. ಗಾಳಿಕಿಂಡಿಯ ತಗಡನ್ನೂ ಅತ್ತಿತ್ತ ಸರಿಸಿ ನೋಡಿ. ಸಲೀಸಾಗಿ ಸರಿಯಬೇಕು, ಇಟ್ಟಲ್ಲೇ ನಿಲ್ಲಬೇಕು.

ಆಮೇಲೆ ಗ್ರಿಲ್ಲಿನ ಎರಡು ಮೂಲೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಾಲು ಓಲಾಡಿದರೆ ಬೇಡ. ತುಂಬಾ ಕೆಂಡ ಇರುವ ವಸ್ತು ಅದು, ಮಕ್ಕಳು ಓಡಾಡುವ ಜಾಗ ಬೇರೆ.

ಸ್ಟೀಲ್ ಅಂದಮಾತ್ರಕ್ಕೆ ತುಕ್ಕು ಹಿಡಿಯುವುದಿಲ್ಲ ಅಂತಲ್ಲ. 304 ದರ್ಜೆಯದು ಚೆನ್ನಾಗಿ ಬಾಳುತ್ತದೆ, 430ಕ್ಕೆ ತುಕ್ಕು ಬೇಗ. ಸಣ್ಣ ಅಯಸ್ಕಾಂತ ಒಯ್ದರೆ, 430ಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟುವುದು ಅಪರೂಪ. ಆದರೆ 201 ಎಂಬ ಅಗ್ಗದ ಸ್ಟೀಲಿಗೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ಅದಕ್ಕೇ ದರ್ಜೆ ಯಾವುದೆಂದು ಬಾಯಿಬಿಟ್ಟು ಕೇಳಿ. ಎರಕದ ಅಲ್ಯೂಮಿನಿಯಂಗೆ ತುಕ್ಕಿನ ಚಿಂತೆ ಇಲ್ಲ. ಎನಾಮಲ್ ಹಚ್ಚಿದ ಉಕ್ಕು ಕೂಡ ಚಕ್ಕೆ ಏಳದಿರುವ ತನಕ ಚೆನ್ನಾಗಿರುತ್ತದೆ. ಜಾಲರಿ ಬೀಡು ಕಬ್ಬಿಣದ್ದಾದರೆ ಕಾವು ಚೆನ್ನಾಗಿ ಹಿಡಿಯುತ್ತದೆ, ಆಗಾಗ ಎಣ್ಣೆ ಸವರಬೇಕು ಅಷ್ಟೇ. ಜಿಡ್ಡು ಎಲ್ಲಿ ಹೋಗಿ ಬೀಳುತ್ತದೆ, ಬೂದಿ ಹೇಗೆ ತೆಗೆಯುವುದು, ಇದನ್ನೂ ಮಾಡಿ ತೋರಿಸಲು ಹೇಳಿ. ಬೂದಿ ತೆಗೆಯಲು ಎಲ್ಲ ಬಿಚ್ಚಬೇಕಾದರೆ ಮೂರೇ ತಿಂಗಳಿಗೆ ಗ್ರಿಲ್ ಮೂಲೆ ಸೇರುತ್ತದೆ.

ಗ್ಯಾಸ್ ಗ್ರಿಲ್ಲಿನ ಮೇಲೆ ದೊಡ್ಡದಾಗಿ ಬರೆದಿರುವ ಬಿಟಿಯು ಸಂಖ್ಯೆಗೆ ಮರುಳಾಗಬೇಡಿ. ಗಂಟೆಗೆ ಎಷ್ಟು ಗ್ಯಾಸ್ ಉರಿಸಬಲ್ಲದು ಎನ್ನುವ ಲೆಕ್ಕ ಅದು, ನಿಮ್ಮ ಅಡುಗೆಗೆ ಎಷ್ಟು ಬಿಸಿ ಮುಟ್ಟುತ್ತದೆ ಎಂದಲ್ಲ. ಆ ಸಂಖ್ಯೆಯನ್ನು ಜಾಲರಿಯ ಚದರ ಇಂಚುಗಳಿಂದ ಭಾಗಿಸಿ. 80ರಿಂದ 100 ಬಂದರೆ ಸಾಕು. ಮುಚ್ಚಳ ಸರಿಯಾಗಿ ಕೂರುವ ಗ್ರಿಲ್ ಕಡಿಮೆ ಬಿಟಿಯುನಲ್ಲೇ ಚೆನ್ನಾಗಿ ಕಾಯುತ್ತದೆ.

ಗಾತ್ರದ ವಿಷಯದಲ್ಲಿ ಹಬ್ಬದ ದಿನದ ಜನಸಂಖ್ಯೆ ಲೆಕ್ಕ ಹಾಕಬೇಡಿ, ಮಾಮೂಲಿ ದಿನ ಮನೆಯಲ್ಲಿ ಎಷ್ಟು ಜನ ಅದನ್ನು ನೋಡಿ. ನಾಲ್ಕೈದು ಜನಕ್ಕೆ 57 ಸೆಂಟಿಮೀಟರ್ ಅಗಲದ ಕೆಟಲ್ ಧಾರಾಳ. ಜಾಲರಿಯ ಮೂರನೇ ಒಂದು ಭಾಗ ಖಾಲಿ ಇರಬೇಕು ಅನ್ನುವುದನ್ನು ಮರೆಯಬೇಡಿ. ಜ್ವಾಲೆ ಎದ್ದಾಗ ತುಂಡುಗಳನ್ನು ಸರಿಸಲು ಆ ಜಾಗ ಬೇಕೇ ಬೇಕು.

ನಾಲ್ಕನೆಯದು: ಎಲ್ಲಿಡುತ್ತೀರಿ?

ಇದನ್ನು ಕೊಳ್ಳುವ ಮುಂಚೆಯೇ ಟೇಪು ಹಿಡಿದು ಅಳೆಯಿರಿ. ಗೋಡೆ, ಮರದ ಬೇಲಿ, ಚಾಚಿದ ಕೊಂಬೆಗಳಿಂದ 3 ಮೀಟರ್ ದೂರ ಇರಲಿ. ನೆಲ ಸಮತಟ್ಟಾಗಿರಲಿ. ಮಳೆ ಬಂತೆಂದು ಗ್ಯಾರೇಜಿನೊಳಗೆ, ಮುಚ್ಚಿದ ವರಾಂಡದಲ್ಲಿ ಹಚ್ಚುವುದು ಖಂಡಿತ ಬೇಡ, ಬಾಗಿಲು ತೆರೆದಿದ್ದರೂ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಆರಿದಂತೆ ಕಾಣುವ ಕೆಂಡದಿಂದಲೂ ಅದು ಬರುತ್ತಿರುತ್ತದೆ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದ ತಗ್ಗಿನಲ್ಲಿ ನಿಲ್ಲುತ್ತದೆ. ಸಿಲಿಂಡರ್ ಜೋಡಿಸಿದಾಗ ಕೊಳವೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಗ್ಯಾಸ್ ಹಚ್ಚುವಾಗ ಮುಚ್ಚಳ ತೆರೆದೇ ಇರಬೇಕು.

ಐದನೆಯದು: ಜೊತೆಗೆ ಏನು ಬೇಕು?

ಥರ್ಮಾಮೀಟರ್. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಗ್ರಿಲ್ ಮುಚ್ಚಳದಲ್ಲಿರುವ ಗಡಿಯಾರದಂಥ ಮಾಪಕ ಮೇಲ್ಭಾಗದ ಬಿಸಿ ತೋರಿಸುತ್ತದೆ, ಮಾಂಸ ಇರುವ ಜಾಗದ್ದಲ್ಲ. ಮಾಂಸಕ್ಕೆ ಚುಚ್ಚುವ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಕೋಳಿ ಒಳಗೆ 74 ಡಿಗ್ರಿ, ಕೈಮಾ 71 ಡಿಗ್ರಿ ಬರಲೇಬೇಕು. ಬಣ್ಣ ನೋಡಿ ಬೆಂದಿದೆ ಅನ್ನುವ ಲೆಕ್ಕ ನಂಬುವಂಥದ್ದಲ್ಲ.

ಇದ್ದಿಲು ಹೊತ್ತಿಸಲು ಚಿಮಣಿ ಸ್ಟಾರ್ಟರ್ ಸಾಕು. ಲೋಹದ ಕೊಳವೆಯ ಕೆಳಗೆ ಕಾಗದ, ಮೇಲೆ ಇದ್ದಿಲು. ಇಪ್ಪತ್ತು ನಿಮಿಷಕ್ಕೆ ಮೇಲಿನ ತುಂಡುಗಳಿಗೆ ಬೂದಿಯ ಪದರ ಬರುತ್ತದೆ. ಸೀಮೆಎಣ್ಣೆಯಂಥ ದ್ರವ ಸುರಿಯುವ ಅಗತ್ಯವೇ ಇಲ್ಲ. ಹೊಗೆಗೆ ಓಕ್, ಸೇಬು, ಚೆರ್ರಿಯಂಥ ಗಟ್ಟಿ ಮರದ ಚೆನ್ನಾಗಿ ಒಣಗಿದ ತುಂಡು ಬಳಸಿ. ರಾಳದ ಅಂಟು ತುಂಬಿದ ಪೈನ್ ಮರ, ಬಣ್ಣ ಬಳಿದ ಅಥವಾ ರಾಸಾಯನಿಕ ಹಾಕಿದ ಹಲಗೆ ಬೇಡವೇ ಬೇಡ. ತಂತಿ ಬ್ರಷ್ಷಿನಿಂದ ಜಾಲರಿ ಉಜ್ಜಿದರೆ ಉದುರಿದ ಎಳೆ ಊಟಕ್ಕೆ ಸೇರುವ ಅಪಾಯ ಇದೆ. ಸುಕ್ಕುಗಟ್ಟಿಸಿದ ಅಲ್ಯೂಮಿನಿಯಂ ಹಾಳೆಯನ್ನು ಇಕ್ಕಳದಲ್ಲಿ ಹಿಡಿದು ಉಜ್ಜಿದರೂ ಆಗುತ್ತದೆ.

ಕೊನೆಯದು: ಮೊದಲ ಬೆಂಕಿ

ತಂದ ದಿನವೇ ಅಡುಗೆ ಬೇಡ. ಕಾರ್ಖಾನೆಯ ಎಣ್ಣೆ, ಧೂಳು ಒಳಗೆಲ್ಲ ಇರುತ್ತದೆ. ತಯಾರಕರು ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಖಾಲಿ ಗ್ರಿಲ್ಲನ್ನೇ ಕಾಯಿಸಿ. ಆ ಹೊತ್ತನ್ನು ಸುಮ್ನೆ ಕಳೆಯಬೇಡಿ, ಕಿಂಡಿಗಳ ಜೊತೆ ಆಡಿ. ಕೆಳಗಿನದನ್ನು ಅರ್ಧ ಮುಚ್ಚಿ, ಹದಿನೈದು ನಿಮಿಷ ಕಾದು, ಕಾವು ಎಷ್ಟಾಯಿತು ಬರೆದಿಡಿ. ಕಾಲು ಭಾಗ ತೆರೆದಾಗ ಎಷ್ಟು? ಪೂರ್ತಿ ತೆರೆದಾಗ? ಪ್ರತಿ ಗ್ರಿಲ್ಲಿನ ಲೆಕ್ಕ ಬೇರೆ, ಗಾಳಿ ಬೀಸುವ ದಿನ ಇನ್ನೂ ಬೇರೆ.

ಹೊಗೆಯ ಬಣ್ಣವನ್ನೂ ಗಮನಿಸಿ. ಶುರುವಿನಲ್ಲಿ ದಟ್ಟ ಬಿಳಿ ಹೊಗೆ ಬರುತ್ತದೆ. ಅದು ಕಟ್ಟಿಗೆ ಸರಿಯಾಗಿ ಉರಿಯದ ಹೊಗೆ, ಮೂಗಿಗೆ ಘಾಟು, ನಾಲಿಗೆಗೆ ಕಹಿ. ಬೆಂಕಿಗೆ ಗಾಳಿ ಸರಿಯಾಗಿ ಸಿಕ್ಕಿದ ಮೇಲೆ ಹೊಗೆ ತೆಳುವಾಗಿ, ತಿಳಿನೀಲಿಗೆ ತಿರುಗುತ್ತದೆ, ಕೆಲವೊಮ್ಮೆ ಕಣ್ಣಿಗೆ ಕಾಣುವುದೇ ಇಲ್ಲ. ಮಾಂಸ ಇಡಬೇಕಾದದ್ದು ಆಗ.

ಮೊದಲ ಅಡುಗೆಗೆ ದೊಡ್ಡ ತುಂಡು ತರಬೇಡಿ. ಮೂಳೆಯಿರುವ ಕೋಳಿ ತೊಡೆ ತನ್ನಿ. ಕೊಬ್ಬು ಚೆನ್ನಾಗಿರುವುದರಿಂದ ಐದು ನಿಮಿಷ ಹೆಚ್ಚುಕಮ್ಮಿಯಾದರೂ ಒಣಗುವುದಿಲ್ಲ. ಬೆಂಕಿಯಿಲ್ಲದ ಪಕ್ಕಕ್ಕಿಟ್ಟು, ಮುಚ್ಚಳ ಹಾಕಿ, ಮುಕ್ಕಾಲು ಗಂಟೆ ಬಿಡಿ. ಕೊನೆಗೆ ಚರ್ಮ ಗರಿಗರಿಯಾಗಲು ಎರಡೇ ನಿಮಿಷ ಕೆಂಡದ ಮೇಲೆ ತನ್ನಿ. ಊಟ ಆದ ಮೇಲೆ ಎರಡೂ ಕಿಂಡಿ ಮುಚ್ಚಿಬಿಡಿ. ಗಾಳಿಯಿಲ್ಲದೆ ಕೆಂಡ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಆಗುತ್ತದೆ. ಬೂದಿಯನ್ನು ಮಾತ್ರ ಎರಡು ದಿನ ಬಿಟ್ಟು, ಮುಚ್ಚಳ ಇರುವ ಲೋಹದ ಡಬ್ಬಕ್ಕೆ ಹಾಕಿ.